ಮರೆಯಲ್ಲಿದ್ದ ಸಕ್ಕರೆ

ವಿಶ್ರಾಮಬಾಗ, ಸಾಂಗಲಿ
18 ಜೂನ್ 2023

ಮಾವಶಿ,

ಈ ಪತ್ರ ತರುವ ಮಹಾದೇವನ ಕೈಯಲ್ಲಿ ಒಂದು ಐಸಿನ ಡಬ್ಬಿ ಇರುತ್ತದೆ. ನಿಮ್ಮ ಲ್ಯಾಬಿಗೆಂದು ನೀವು ಕೇಳಿದ ನನ್ನ ರಕ್ತ ಅದರೊಳಗಿದೆ. ನನ್ನ ತಮ್ಮನಿಗೆ ಮೊದಲು ಚಹಾ ಕೊಡಿ, ಆಮೇಲೆ ಡಬ್ಬಿ ಕೇಳಿ. ಮಿರಜ ಸ್ಟೇಷನ್ನಿನಿಂದ ಮುಂಬಯಿವರೆಗೆ ಅದನ್ನು ತೊಡೆಯ ಮೇಲಿಂದ ಇಳಿಸುವುದಿಲ್ಲ ಎಂದು ಹಟ ಹಿಡಿದಿದ್ದಾನೆ.

ಫೋನಿನಲ್ಲಿ ಎಲ್ಲವನ್ನೂ ಹೇಳಲಾಗಲಿಲ್ಲ. ನಮ್ಮ ಮನೆ ನಿಮಗೆ ಗೊತ್ತಲ್ಲ, ಒಂದು ಕೋಣೆಯಲ್ಲಿ ಕೆಮ್ಮಿದರೆ ಇನ್ನೊಂದು ಕೋಣೆಯಿಂದ ಶುಂಠಿ ಕಷಾಯ ಬರುತ್ತದೆ. ಪತ್ರವೇ ವಾಸಿ. ಇಲ್ಲಿ ಎಲ್ಲರೂ ಕನ್ನಡ ಮಾತಾಡುತ್ತಾರೆ, ಓದಲು ಬರುವುದು ಮಾತ್ರ ಮರಾಠಿ. ಅತ್ತೆಗೂ ಅಷ್ಟೇ, ಅವರ ಮಗ ಶಂತನುಗೂ ಅಷ್ಟೇ. ತವರೂರು ಆರಗದ ಕನ್ನಡ ಶಾಲೆಯಲ್ಲಿ ಕಲಿತು ಅಲ್ಲೇ ಟೀಚರಾಗಿರುವ ನನಗೆ, ಈ ಮನೆಯಲ್ಲಿ ಕನ್ನಡ ಅಕ್ಷರವೆಂದರೆ ಚಿಲಕ ಹಾಕಿಕೊಂಡ ಕೋಣೆ.

ಮೂರನೆಯದೂ ಹೋಯಿತು ಮಾವಶಿ. ಹಿಂದಿನ ಎರಡರ ಹಾಗೆಯೇ, ಮೂರು ತಿಂಗಳು ತುಂಬುವ ಮೊದಲೇ. ಈ ಸಲ ರಕ್ತ ಬಹಳ ಹೋಗಿತ್ತು, ಮಿರಜದ ಆಸ್ಪತ್ರೆಯಲ್ಲಿ ಏರಿಸಬೇಕೆಂದರು. ಆದರೆ ತಂದ ಪ್ರತಿ ಚೀಲದ ಜೊತೆಗೂ ನನ್ನದು ಸಣ್ಣಗೆ ಗಂಟು ಕಟ್ಟುತ್ತಿತ್ತಂತೆ, ಇದೆಯೋ ಇಲ್ಲವೋ ಎನ್ನುವಷ್ಟು. ಯಾರೋ "ರೇರ್ ಗ್ರೂಪ್ ಇರಬೇಕು" ಎಂದದ್ದೇ ತಡ. ನಮ್ಮ ಕಡೆ ರೇರ್ ಎಂದರೆ ಬಾಂಬೆ ಗ್ರೂಪ್, ಇನ್ನೊಂದು ಯಾರಿಗೂ ಗೊತ್ತಿಲ್ಲ. ಶಂತನು ಸಿಕ್ಕಸಿಕ್ಕವರಿಗೆ ಫೋನ್ ಮಾಡಿದ. ಆ ಗುಂಪಿನ ಶಿವಾಜಿ ಎಂಬವರು ಕುಪವಾಡ ಎಂಐಡಿಸಿಯ ವರ್ಕಶಾಪಿನಿಂದ ಕೈಯ ಗ್ರೀಸನ್ನೂ ಒರೆಸಿಕೊಳ್ಳದೆ ಓಡಿ ಬಂದರು. ತಪಾಸಣೆಯಾದ ಮೇಲೆ ನನ್ನದು ಬಾಂಬೆ ಅಲ್ಲವೇ ಅಲ್ಲ ಎಂದಾಯಿತು. ಅವರ ರಕ್ತವೂ ನನಗೆ ಹೊಂದಲಿಲ್ಲ. ಆ ಮನುಷ್ಯ ಮುಖ ಸಪ್ಪಗೆ ಮಾಡಿಕೊಂಡು, "ವೈನಿ, ಇಷ್ಟ ದೂರ ಬಂದೇನಿ, ಒಂದ ಬಾಟ್ಲಿ ಸುಮ್ಮನರ ತೊಗೊಳ್ಳಿಕ್ಕೆ ಹೇಳ್ರಿ" ಎಂದರು. ಆ ಸ್ಥಿತಿಯಲ್ಲೂ ನನಗೆ ನಗು ಬಂತು. ಹೆಸರು ಕೂಡ ಗೊತ್ತಿರದ ನನಗಾಗಿ ಕೆಲಸ ಬಿಟ್ಟು ಬಂದವರು. ಅವರನ್ನು ದಿನಾ ನೆನೆಯುತ್ತೇನೆ.

ಇಂಜೆಕ್ಷನ್ನು, ಮಾತ್ರೆಗಳಲ್ಲೇ ಹೇಗೋ ಉಳಿದೆ. ಏನಾಗಿದೆ ನನ್ನ ರಕ್ತಕ್ಕೆ? ಅದರಲ್ಲಿ ವಿಷವಿದೆಯೇ? ಕೆಟ್ಟ ಸುದ್ದಿಯಾದರೂ ಸರಿ, ನಿಜ ಬರೆಯಿರಿ.

ನಿಮ್ಮ ಚೈತಾಲಿ


ಮುಂಬಯಿ
9 ಜುಲೈ 2023

ಚೈತೂ,

ಚಹಾ ಕೊಟ್ಟೆ, ಡಬ್ಬಿ ಕೊಟ್ಟ. ಬಂದವನದೂ ಒಂದಿಷ್ಟು ರಕ್ತ ತೆಗೆದುಕೊಂಡೆ. ಸೂಜಿ ನೋಡಿದ್ದೇ "ಮಾವಶಿ, ಫ್ಯಾನ್ ಜೋರ ಮಾಡ್ರಿ" ಎಂದು ಕುರ್ಚಿಯಲ್ಲೇ ಜಾರಿದ. ಇದನ್ನು ಮನೆಯಲ್ಲಿ ಹೇಳಬೇಡಿ ಎಂದು ಆಣೆ ಹಾಕಿಸಿಕೊಂಡಿದ್ದಾನೆ, ಅದಕ್ಕೇ ಬರೆಯುತ್ತಿದ್ದೇನೆ.

ಈಗ ನಿಜ. ನಿನ್ನ ರಕ್ತದಲ್ಲಿ ವಿಷವಿಲ್ಲ, ಅದು ಯಾವ ತಪ್ಪನ್ನೂ ಮಾಡಿಲ್ಲ. ಇದನ್ನು ಎರಡು ಸಲ ಓದಿಕೊಂಡು ಮುಂದಕ್ಕೆ ಹೋಗು.

ಕೆಂಪು ರಕ್ತಕಣದ ಮೈಮೇಲೆಲ್ಲ ಸಕ್ಕರೆಯ ಸಣ್ಣ ಸಣ್ಣ ಸರಗಳಿರುತ್ತವೆ. ಕೆಲವು ಎತ್ತರದವು. ಕೆಲವು ಗಿಡ್ಡ, ಕಣದ ಮೈಯ ಕೊಬ್ಬಿಗೇ ಅಂಟಿಕೊಂಡಿರುತ್ತವೆ. ಆರಗದಲ್ಲಿ ಕಬ್ಬಿನ ಸಾಲುಗಳ ನಡುವೆ ಶೇಂಗಾ ಹಾಕುತ್ತಾರಲ್ಲ, ಕಬ್ಬು ಎದ್ದ ಮೇಲೆ ರಸ್ತೆಯಲ್ಲಿ ನಿಂತವನಿಗೆ ಶೇಂಗಾ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ. ಹಾಗೆ. ಈ ಗಿಡ್ಡ ಸಕ್ಕರೆಗಳು ಹೊರಗಿನವರ ಕೈಗೆ ಎಷ್ಟು ಸಿಗುತ್ತವೆ, ಎಷ್ಟು ಸಿಗುವುದಿಲ್ಲ ಎಂದು ನೋಡುವುದೇ ನನ್ನ ಇಷ್ಟು ವರ್ಷದ ಉದ್ಯೋಗ. ನನ್ನಕ್ಕ, ನಿನ್ನ ಅವ್ವ, ಇದನ್ನು "ನಮ್ಮ ನರ್ಮದಾ ಸಕ್ಕರೆ ಎಣಸತಾಳ" ಎಂದು ಬಂಧುಬಳಗಕ್ಕೆಲ್ಲ ಹೇಳಿದ್ದಾಳೆ.

ಹೆಚ್ಚುಕಡಿಮೆ ಎಲ್ಲ ಮನುಷ್ಯರಲ್ಲೂ ಇರುವ ಒಂದು ಗಿಡ್ಡ ಸಕ್ಕರೆ ನಿನ್ನಲ್ಲಿ ಇಲ್ಲ. ಇಲ್ಲದ್ದು ಎದುರಿಗೆ ಬಂದರೆ ಪರಕೀಯ ಎಂದು ಹಿಡಿಯುವ ಪ್ರತಿಕಾಯಗಳು, ಅಂದರೆ ಮೈಯ ಕಾವಲಿನವರು, ನಿನ್ನ ರಕ್ತದಲ್ಲಿವೆ. ಬೇರೆಯವರ ಕಣದ ಮೇಲೆ ಆ ಸಕ್ಕರೆ ಎತ್ತರದವುಗಳ ಮರೆಯಲ್ಲಿ ಇದ್ದದ್ದರಿಂದ ಮಿರಜದಲ್ಲಿ ಗಂಟು ಇದ್ದೂ ಇಲ್ಲದ ಹಾಗೆ ಕಂಡಿತು. ಅವರ ತಪ್ಪೇನಿಲ್ಲ. ನಾನು ಪಪ್ಪಾಯಿಯ ಹಾಲಿನಿಂದ ತೆಗೆದ ಒಂದು ಪುಡಿ ಹಾಕಿ ಎತ್ತರದವನ್ನು ಕತ್ತರಿಸಿ ನೋಡಿದೆ. ಮರೆ ಹೋಯಿತು. ನಳಿಕೆಯ ತಳದಲ್ಲಿ ಎಲ್ಲ ಸೇರಿ ಒಂದೇ ಮುದ್ದೆಯಾಯಿತು.

ಬಸುರಿನಲ್ಲಿ ನಿನಗೂ ಕೂಸಿಗೂ ನಡುವೆ ಬೆಳೆಯುವ ಮಾಸಿನ ಮೇಲೆ ಇದೇ ಸಕ್ಕರೆ ರಾಶಿ ರಾಶಿಯಾಗಿ ಬಯಲಿನಲ್ಲೇ ಇರುತ್ತದೆ. ಕಾವಲಿನವರು ಅದರ ಮೇಲೆ ಬೀಳುತ್ತಾರೆ. ಮೂರು ಸಲವೂ ಆದದ್ದು ಇದೇ.

ಉಪಾಯವಿದೆ. ನಿನ್ನ ರಕ್ತದ ಹಳದಿ ನೀರನ್ನು, ಪ್ಲಾಸ್ಮಾವನ್ನು, ಯಂತ್ರದಲ್ಲಿ ತೆಗೆದು ಬೇರೆ ದ್ರವ ಕೊಡುತ್ತಾರೆ. ಪ್ರತಿಕಾಯಗಳೂ ಅದರ ಜೊತೆ ಹೋಗುತ್ತವೆ. ಇದನ್ನು ವಾರವಾರವೂ ಮಾಡುತ್ತಿರಬೇಕು. ಆ ಯಂತ್ರ ಮಿರಜದಲ್ಲೇ ಇದೆ, ಅಲ್ಲಿಯ ರಕ್ತದ ಡಾಕ್ಟರ ಜೊತೆ ಮಾತಾಡಿದ್ದೇನೆ. ಆದರೆ ದಿನ ತಪ್ಪಿದ ಕೂಡಲೇ ಶುರುವಾಗಬೇಕು ಚೈತೂ. ತಡವಾದರೆ ತೊಳೆದೂ ಪ್ರಯೋಜನವಿಲ್ಲ. ಸಂಶಯ ಬಂದ ದಿನವೇ ನನಗೆ ತಿಳಿಸು.

ಇನ್ನೊಂದು ಮಾತು. ನಿನ್ನ ಅಪ್ಪ ಅವ್ವ ಸೋದರ ಸಂಬಂಧದವರು, ಇಬ್ಬರಲ್ಲೂ ಈ ಕೊರತೆ ಅರ್ಧರ್ಧ ಇದ್ದು ನಿನ್ನಲ್ಲಿ ಪೂರ್ತಿಯಾಗಿದೆ. ಮಹಾದೇವನಲ್ಲೂ ಪೂರ್ತಿ. ನಿನಗೆ ರಕ್ತ ಬೇಕಾದರೆ ಕೊಡಬಲ್ಲವನು ಸದ್ಯ ನನಗೆ ಗೊತ್ತಿರುವುದು ಅವನೊಬ್ಬನೇ, ಸೂಜಿ ಕಂಡರೆ ಜಾರುವವನು. ನಕ್ಕುಬಿಡು.

ನರ್ಮದಾ ಮಾವಶಿ


ವಿಶ್ರಾಮಬಾಗ
6 ಆಗಸ್ಟ್ 2023

ಮಾವಶಿ,

ಪತ್ರವನ್ನು ಎರಡಲ್ಲ, ಎಷ್ಟು ಸಲ ಓದಿದೆನೋ. ನಿಮಗೆ ಥ್ಯಾಂಕ್ಸ್ ಹೇಳಿದರೆ ಬೈಯುತ್ತೀರಿ, ಆದರೂ ಹೇಳುತ್ತೇನೆ. ಎರಡು ವರ್ಷಗಳಿಂದ ಮದುವೆಮುಂಜಿಗಳಲ್ಲಿ ಬೇರೆಯವರ ಕೂಸನ್ನು ಎತ್ತಿಕೊಳ್ಳಲು ನನಗೆ ಭಯವಾಗುತ್ತಿತ್ತು. ನನ್ನಲ್ಲೇ ಏನೋ ಕೆಟ್ಟದ್ದಿದೆ, ತಗುಲೀತು ಎಂದು. ಮೊನ್ನೆ ಶಾಲೆಯಲ್ಲಿ ಅಂಗನವಾಡಿ ಟೀಚರ ಮಗಳನ್ನು ಎತ್ತಿಕೊಂಡು ಪ್ರಾರ್ಥನೆ ಮುಗಿಯುವವರೆಗೂ ಇಳಿಸಲಿಲ್ಲ. ಅದು ನಿಮ್ಮ ಋಣ.

ಅತ್ತೆಗೆ ಎಲ್ಲವನ್ನೂ ಬಿಡಿಸಿ ಹೇಳಲು ನನಗೆ ಬರಲಿಲ್ಲ. "ರಕ್ತದಾಗ ಸ್ವಲ್ಪ ದೋಷ ಐತಿ, ಔಷಧ ಐತಂತ" ಎಂದಷ್ಟೇ ಹೇಳಿದೆ. ಅವರು ದೇವರ ಮುಂದೆ ಒಂದು ದೀಪ ಹೆಚ್ಚಿಗೆ ಹಚ್ಚಿದರು. ಮಹಾದೇವ ತಾನೂ ರೇರ್ ಎಂದು ಆರಗದ ಬಸ್ ಸ್ಟ್ಯಾಂಡಿನಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಾನೆ.

ಚೈತಾಲಿ


ಮುಂಬಯಿ
28 ಜನವರಿ 2024

ಚೈತೂ,

ಸಂಕ್ರಾಂತಿಗೆ ಬರೆದೆ. ಉತ್ತರವಿಲ್ಲ. ಫೋನ್ ಮಾಡಿದರೆ "ಆರಾಮ ಅದೇನ್ರಿ ಮಾವಶಿ, ಆಮ್ಯಾಲ ಮಾಡ್ತೇನಿ" ಎನ್ನುತ್ತೀ, ಆ ಆಮೇಲೆ ಬರುವುದೇ ಇಲ್ಲ.

ಕೂತು ಯೋಚಿಸಿದೆ. ಸೋದರ ಸಂಬಂಧದ ಮಾತು ಬರೆದದ್ದು ನಿನ್ನ ಅವ್ವನಿಗೆ ನೋವಾಗಿರಬೇಕು. ತಂಗಿಯಾಗಿ ಅಕ್ಕನ ಮದುವೆಯಲ್ಲಿ ಹುಳುಕು ಹುಡುಕಿದಳು ಎನಿಸಿರಬೇಕು. ನಾನು ಬರೆದದ್ದು ಲೆಕ್ಕವನ್ನು, ದೂರನ್ನಲ್ಲ. ನನಗೆ ವಿಷಯ ಹೇಳಲು ಬರುತ್ತದೆ, ಹೇಗೆ ಹೇಳಬೇಕೆಂದು ಬರುವುದಿಲ್ಲ. ಅಕ್ಕನಿಗೆ ಸಿಟ್ಟಿದ್ದರೆ ನನ್ನನ್ನು ಬೈದು ಬರೆ ಎನ್ನು. ಆದರೆ ನೀನು ಬರೆಯುವುದನ್ನು ಬಿಡಬೇಡ. ಈ ಊರಿಗೆ ನನ್ನ ಹೆಸರಿಗೆ ಕನ್ನಡದಲ್ಲಿ ಬರುವುದು ನಿನ್ನ ಪತ್ರವೊಂದೇ.

ಮಾವಶಿ


ವಿಶ್ರಾಮಬಾಗ
11 ಫೆಬ್ರವರಿ 2024

ಮಾವಶಿ,

ಅವ್ವನಿಗೆ ಯಾವ ಸಿಟ್ಟೂ ಇಲ್ಲ. ಖಂಡಿತ ಇಲ್ಲ. ಕೆಲಸ ಬಹಳ ಇತ್ತು, ಅದಕ್ಕೇ ಬರೆಯಲಾಗಲಿಲ್ಲ, ತಪ್ಪು ತಿಳಿಯಬೇಡಿ.

ಇಲ್ಲಿ ಎಲ್ಲರೂ ಕ್ಷೇಮ. ಆರಗದ ಬಸ್ಸಿನಲ್ಲಿ ಗದ್ದಲವೆಂದು ಶಂತನು ನನ್ನನ್ನು ಈಗ ಕಾರಿನಲ್ಲೇ ಶಾಲೆಗೆ ಬಿಡುತ್ತಾನೆ, ಅದೂ ಎತ್ತಿನ ಗಾಡಿಯ ವೇಗದಲ್ಲಿ. ಹಿತ್ತಲಿನ ಪಪ್ಪಾಯಿ ಈ ವರ್ಷ ಜೋರಾಗಿ ಕಾಯಿ ಬಿಟ್ಟಿದೆ. ಅತ್ತೆ ಎಲ್ಲವನ್ನೂ ನೆರೆಹೊರೆಗೆ ಹಂಚಿಬಿಟ್ಟರು, ಒಂದೂ ಮನೆಯೊಳಗೆ ಬರಕೂಡದಂತೆ. ಏಪ್ರಿಲ್ ಬರಲಿ, ನಿಮಗೆ ಉದ್ದನೆಯ ಪತ್ರ ಬರೆಯುತ್ತೇನೆ. ಅಲ್ಲಿಯವರೆಗೆ ಏನೂ ಕೇಳಬೇಡಿ, ದಯವಿಟ್ಟು.

ಚೈತಾಲಿ


ಮುಂಬಯಿ
14 ಫೆಬ್ರವರಿ 2024
ಕೊರಿಯರ್ ಮೂಲಕ

ಹುಚ್ಚು ಹುಡುಗಿ,

ಮರದ ತುಂಬ ಕಾಯಿ, ಮನೆಯೊಳಗೆ ಒಂದೂ ಬರಕೂಡದು! ಪಪ್ಪಾಯಿಗೆ ಹೆದರುವ ಮನೆಯಲ್ಲಿ ಏನಿದೆ ಎಂದು ತಿಳಿಯಲು ನನಗೆ ಸೂಕ್ಷ್ಮದರ್ಶಕ ಬೇಕಿಲ್ಲ. ಏಪ್ರಿಲ್ ಎಂದರೆ ಮೂರು ತಿಂಗಳು ತುಂಬುತ್ತದೆ, ಅಲ್ಲವೇ? ಅಲ್ಲಿಯವರೆಗೆ ಬಾಯಿ ಬಿಡಬಾರದೆಂದು ಅತ್ತೆ ಮಾತು ತೆಗೆದುಕೊಂಡಿದ್ದಾರೆ. ಯಾಕೆ ಒಪ್ಪಿದೆ ಎಂದು ನಿನ್ನನ್ನು ಬೈಯಲು ಹತ್ತು ಸಾಲು ಬರೆದು ಹೊಡೆದುಹಾಕಿದೆ. ಭಯವಾಗಿರಬೇಕು. ಬರೆದರೆ ಇದೂ ಹೋದೀತು ಎಂದು.

ಪತ್ರ ಓದಿ ಫೋನ್ ಮಾಡಿದೆ. ನೀನು ಎತ್ತಲಿಲ್ಲ, ನಿನ್ನ ಅತ್ತೆ ಎತ್ತಿ "ಮಲ್ಕೊಂಡಾಳ್ರಿ, ಆರಾಮ ಅದಾಳ" ಎಂದರು. ಫೋನಿನಲ್ಲಿ ಕೂಗಾಡಿದರೆ ಬಾಗಿಲು ಇನ್ನೂ ಬಿಗಿಯಾಗುತ್ತದೆಂದು ಸುಮ್ಮನಾದೆ. ಮಿರಜದ ಡಾಕ್ಟರಿಗೆ ಹೇಳಿದ್ದೇನೆ, ನೀನು ಯಾವಾಗ ಹೋದರೂ ಆ ದಿನವೇ ಶುರು ಮಾಡುತ್ತಾರೆ.

ಕೆಳಗಿನ ಹಾಳೆ ನಿನ್ನ ಅತ್ತೆಗೆ. ಅವರಿಗೆ ಕನ್ನಡ ಓದಲು ಬರುವುದಿಲ್ಲವೆಂದು ಗೊತ್ತಿದ್ದೇ ಕನ್ನಡದಲ್ಲಿ ಬರೆದಿದ್ದೇನೆ. ನೀನೇ ಓದಿ ಹೇಳಬೇಕು, ಗಟ್ಟಿಯಾಗಿ, ಒಂದಕ್ಷರ ನುಂಗದೆ.

"ಕೃಷ್ಣವ್ವಾರ, ಶರಣ್ರಿ. ಮೂರು ತಿಂಗಳ ತನಕ ಹೇಳಬಾರದು ಅನ್ನೂ ಪದ್ಧತಿ ನಮ್ಮ ಆರಗದಾಗೂ ಐತ್ರಿ, ನಮ್ಮವ್ವನೂ ಹಂಗ ಮಾಡ್ತಿದ್ಲು. ಆದ್ರ ಈ ಹುಡುಗಿ ರಕ್ತದಾಗಿನ ಕಾವಲು ಕೂಸಿನ ಮಾಸನ್ನ ಪರಕೀ ಅಂತ ತಿಳ್ಕೊಂಡು ಅದರ ಮ್ಯಾಲ ಬೀಳತೈತಿ. ಅದನ್ನ ಈಗ ತೊಳದ ತಗೀಬೇಕು. ಮೂರು ತಿಂಗಳಾದ ಮ್ಯಾಲ ತೊಳಿಲಿಕ್ಕೆ ಏನೂ ಉಳಿಯಂಗಿಲ್ರಿ. ಓಣ್ಯಾಗ ಹೇಳಬ್ಯಾಡ್ರಿ, ಬೀಗರಿಗೆ ಹೇಳಬ್ಯಾಡ್ರಿ, ಬೇಕಾದ್ರ ನನಗೂ ಹೇಳಬ್ಯಾಡ್ರಿ. ಮಿರಜದ ಆ ಒಬ್ಬ ಡಾಕ್ಟರಿಗೆ ಹೇಳ್ರಿ. ನಿಮ್ಮ ಕಾಲಿಗೆ ಬೀಳ್ತೇನಿ, ಇವತ್ತ ಹೋಗ್ರಿ."

ನರ್ಮದಾ


ವಿಶ್ರಾಮಬಾಗ
3 ಮಾರ್ಚ್ 2024

ಮಾವಶಿ,

ಇದೆ. ಮೊದಲು ಅದನ್ನೇ ಬರೆಯುತ್ತೇನೆ. ಇನ್ನೂ ಇದೆ, ನಿನ್ನೆಯೂ ಸ್ಕ್ಯಾನಿನಲ್ಲಿ ಎದೆ ಬಡಿಯುವುದು ಕಂಡಿತು.

ನಿಮ್ಮ ಕೊರಿಯರ್ ಬಂದಾಗ ಅತ್ತೆ ಮೆಂತ್ಯದ ಸೊಪ್ಪು ಬಿಡಿಸುತ್ತ ಕುಳಿತಿದ್ದರು. ಎದುರಿಗೆ ನಿಂತು ಓದಿದೆ. ಅರ್ಧಕ್ಕೆ ಬಂದು ಹಾಳೆ ಮಡಚಲು ಹೋದೆ. ಅವರು ತಲೆ ಎತ್ತದೆ "ಪೂರಾ ಓದು" ಎಂದರು. "ತೊಳಿಲಿಕ್ಕೆ ಏನೂ ಉಳಿಯಂಗಿಲ್ಲ" ಎಂಬಲ್ಲಿ ಅವರ ಕೈ ನಿಂತಿತು. ಓದಿ ಮುಗಿಸಿದೆ. ನನ್ನನ್ನೇ ನೋಡಿದರು.

"ಬೇಗ ಹೋಗಬೇಕಂತ ನಿನಗ ಮೊದಲ ಗೊತ್ತಿತ್ತೇನ?"

"ಹೂಂ."

"ಮತ್ತ ಯಾಕ ಹೇಳಲಿಲ್ಲ?"

"ನೀವು ಆಣಿ ಹಾಕಿಸ್ಕೊಂಡಿದ್ರಿ. ಮತ್ತ… ಹೇಳಿದ್ರ ಹೋಗತೈತಿ ಅಂತ ನನಗೂ ಅಂಜಿಕಿ ಬಂತ್ರಿ."

ಅವರು ಸೊಪ್ಪಿನ ಮೊರವನ್ನು ಹಾಗೇ ಬಿಟ್ಟು ಎದ್ದು ಚಪ್ಪಲಿ ಮೆಟ್ಟಿದರು. ಶಂತನು ಬರಲಿ ಎಂದೆ. "ಅವನ ದಾರಿ ಕಾಯೂದ ಬ್ಯಾಡ, ನಡಿ" ಎಂದು ರಿಕ್ಷಾ ಕರೆದರು. ಮಿರಜದ ದಾರಿಯುದ್ದಕ್ಕೂ ನನ್ನ ಕೈ ಹಿಡಿದುಕೊಂಡೇ ಇದ್ದರು. ಆಗ ಹೇಳಿದರು: ಎರಡನೆಯ ಸಲ ಖುಷಿಯಲ್ಲಿ ಓಣಿಗೆಲ್ಲ ತಾವೇ ಹೇಳಿದ್ದರಂತೆ. ಅದು ಹೋದ ಮೇಲೆ ಹೆಂಗಸರು ಬಾಗಿಲಿಗೆ ಬಂದು "ಎಷ್ಟರಾಗ ಐತಿ, ಯಾವ ತಿಂಗಳ?" ಎಂದು ಕೇಳುವಾಗ ನಾನು ಒಳಗೆ ಕಿವಿ ಮುಚ್ಚಿಕೊಂಡು ಕುಳಿತದ್ದನ್ನು ನೋಡಿದ್ದರಂತೆ. "ಮತ್ತ ನಿನಗ ಹಂಗ ಆಗಬಾರದಂತ ಬಾಯಿ ಕಟ್ಟಿದ್ದೆ ನನ್ನವ್ವಾ, ಕೂಸಿನ ದಾರಿ ಕಟ್ಟಲಿಕ್ಕಲ್ಲ" ಎಂದು ರಿಕ್ಷಾದಲ್ಲೇ ಅತ್ತರು. ನಾನು ಅವರನ್ನು ಕಟ್ಟಳೆಯ ಹೆಂಗಸು ಎಂದುಕೊಂಡಿದ್ದೆ ಮಾವಶಿ. ಅವರು ನನ್ನನ್ನು ಕಾಯುತ್ತಿದ್ದರು.

ಡಾಕ್ಟರು ಸ್ವಲ್ಪ ತಡವಾಗಿದೆ, ಆದರೂ ತಡವಾಗಿಲ್ಲ ಎಂದರು. ಆ ಮಾತಿಗೆ ಏನರ್ಥವೋ, ನಾನು ಅದನ್ನೇ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಈಗ ವಾರಕ್ಕೆ ಎರಡು ಸಲ ಯಂತ್ರದ ಪಕ್ಕ ಮಲಗುತ್ತೇನೆ. ನನ್ನೊಳಗಿಂದ ಹಳದಿ ನೀರು ಚೀಲಕ್ಕೆ ಇಳಿಯುತ್ತದೆ. ತುಟಿ ಜುಮುಜುಮು ಎನ್ನುತ್ತದೆ, ಚಳಿಯಾಗುತ್ತದೆ. ಅತ್ತೆ ಕಾಲಿಗೆ ಕೌದಿ ಹೊದಿಸಿ, ಆ ಚೀಲವನ್ನು ಕೆಟ್ಟ ಕಣ್ಣಿನಿಂದ ನೋಡುತ್ತ ಕೂರುತ್ತಾರೆ.

ನಿಮ್ಮಿಂದ ಮುಚ್ಚಿಟ್ಟದ್ದಕ್ಕೆ ಸಿಟ್ಟು ಮಾಡಿಕೊಳ್ಳಬೇಡಿ. ಪಪ್ಪಾಯಿಯ ಮಾತನ್ನು ಯಾಕೆ ಬರೆದೆನೋ ನನಗೇ ಗೊತ್ತಿಲ್ಲ. ನೀವು ತಿಳಿದುಕೊಳ್ಳಲಿ ಎಂದೇ ಇರಬೇಕು.

ಚೈತಾಲಿ


ಮುಂಬಯಿ
19 ಮೇ 2024

ಚೈತೂ,

ನಿನ್ನ ರಕ್ತದ ಹೊಸ ನಳಿಕೆಗಳನ್ನು ನೋಡಿದೆ. ಪ್ರತಿಕಾಯ ಇಳಿದಿದೆ, ಇಳಿದಲ್ಲೇ ನಿಂತಿದೆ. ನೀನು ಇದುವರೆಗೆ ಎಂದೂ ದಾಟದ ತಿಂಗಳನ್ನು ದಾಟಿದ್ದೀ. ಇದನ್ನು ಬರೆಯುವಾಗ ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು, ಧೂಳು ಇರಬೇಕು.

ನೀನು ಒಂದು ಪ್ರಶ್ನೆ ಕೇಳಿದ್ದೀ: ಕೂಸಿನ ರಕ್ತಕಣದ ಮೇಲೂ ಅಪ್ಪನ ಕಡೆಯ ಆ ಸಕ್ಕರೆ ಇರುತ್ತದಲ್ಲ, ಅದರ ಮೇಲೆ ನನ್ನ ಕಾವಲು ಬೀಳುವುದಿಲ್ಲವೇ ಎಂದು. ಇಂಥ ತಾಯಂದಿರ ಕೂಸುಗಳು ಮಾಸಿನ ಗಂಡಾಂತರ ದಾಟಿದರೆ ಸಾಮಾನ್ಯವಾಗಿ ಸ್ವಲ್ಪ ಕಾಮಾಲೆಯಲ್ಲೇ ಪಾರಾಗುತ್ತವೆ. ಯಾಕೆ ಎಂದರೆ, ನನಗೆ ಪೂರ್ತಿ ಗೊತ್ತಿಲ್ಲ. ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಾರೆ. ಸಕ್ಕರೆ ಇದೆಯೇ ಎಂಬುದು ಒಂದು ಪ್ರಶ್ನೆ, ಕೈಗೆ ಸಿಗುತ್ತದೆಯೇ ಎಂಬುದು ಇನ್ನೊಂದು. ಗೊತ್ತಿಲ್ಲದ್ದಕ್ಕೆ ಇಷ್ಟು ಕೃತಜ್ಞಳಾಗಿರುವುದು ನನಗೆ ಇದೇ ಮೊದಲು.

ಹೆರಿಗೆಗೆ ಮುಂಚೆ ಮಹಾದೇವನ ರಕ್ತ ತೆಗೆದಿಡಬೇಕು. ಅವನಿಗೆ ಫ್ಯಾನ್ ಜೋರು ಮಾಡಲು ಹೇಳು.

ಮಾವಶಿ


ವಿಶ್ರಾಮಬಾಗ
9 ಅಕ್ಟೋಬರ್ 2024

ಮಾವಶಿ,

ಫೋನಿನಲ್ಲಿ ಅಳುವುದೇ ಆಯಿತು, ಮಾತಾಗಲಿಲ್ಲ. ಈಗ ಬರೆಯುತ್ತೇನೆ. ಹೆಣ್ಣು. ಮೂಗು ಶಂತನುವಿನದು, ಹಟ ಯಾರದೆಂದು ಹೇಳುವುದಿಲ್ಲ, ನಿಮಗೇ ಗೊತ್ತಾಗುತ್ತದೆ. ಸ್ವಲ್ಪ ಹಳದಿ ಬಿತ್ತು, ನೀಲಿ ಬೆಳಕಿನ ಕೆಳಗೆ ಇಟ್ಟು ಮನೆಗೆ ಕಳಿಸಿದರು.

ಹೆರಿಗೆಯಾದ ಮೇಲೆ ನನಗೆ ರಕ್ತ ಬಹಳ ಹೋಯಿತು. ಇದನ್ನು ಆಗ ನಿಮಗೆ ಹೇಳಲಿಲ್ಲ. ಮಹಾದೇವನ ಚೀಲ ಏರಿಸಿದರು. ಅದು ಇಳಿಯುತ್ತಿದ್ದಾಗ ನಾನು ಮಂಪರಿನಲ್ಲಿದ್ದೆ. ಕಣ್ಣು ಬಿಟ್ಟರೆ ಅವನು ನನ್ನ ತಲೆಯ ಹತ್ತಿರ ನಿಂತು ಚೀಲವನ್ನೇ ನೋಡುತ್ತಿದ್ದ, ಮುಖ ಬಿಳಿಚಿಕೊಂಡಿತ್ತು. "ಕುಂದರೋ, ಬೀಳ್ತಿ" ಎಂದೆ. "ಇಲ್ಲಕ್ಕಾ, ಖಾಲಿ ಆಗೂತನ ನಿಂದರತೇನಿ" ಎಂದ. ನಿಂತೇ ಇದ್ದ. ಅವನನ್ನು ಇನ್ನು ಜನ್ಮದಲ್ಲಿ ಗೇಲಿ ಮಾಡುವುದಿಲ್ಲ.

ಅತ್ತೆ ನಿಮಗೆ ಪತ್ರ ಬರೆಸುತ್ತಾರಂತೆ. ಹೇಳಿದ್ದನ್ನು ಹಾಗೇ ಬರೆ, ಚಂದ ಮಾಡಬೇಡ ಎಂದಿದ್ದಾರೆ.

"ನರ್ಮದಾಬಾಯಾರ, ಕೃಷ್ಣವ್ವನ ಶರಣು. ನನಗ ಹೆಣ್ಣಮಕ್ಕಳಿಲ್ಲ. ಈ ಕೂಸಿಗೆ ಸೋದರತ್ತಿ, ಆತ್ಯಾ, ಇಲ್ಲ. ತೊಟ್ಟಲದಾಗ ಹಾಕಿ ಕಿವ್ಯಾಗ ಹೆಸರ ಹೇಳೂದು ಆತ್ಯಾನ ಹಕ್ಕು. ಓಣ್ಯಾಗ ನಾಕ ಮಂದಿ, ನರ್ಮದಾಬಾಯಿ ತಾಯಿ ಕಡ್ಯಾವರು, ಮ್ಯಾಲ ಲಗ್ನ ಆಗದಾವರು, ಅವರ ಕೈಲೆ ಹೆಂಗ ಅಂದ್ರು. ನಾ ಅಂದೆ, ನಾವು ಮುಚ್ಚಿಟ್ರೂ ಈ ಕೂಸು ಐತಿ ಅಂತ ಎಲ್ಲಾರಕಿಂತ ಮೊದಲ ಕಂಡಾಕಿ ಅಕೀನ, ಹೆಸರೂ ಅಕೀನ ಹೇಳತಾಳ. ದೀಪಾವಳಿ ಆದ ಮ್ಯಾಲ ಐತ್ರಿ, ತಪ್ಪದಂಗ ಬರ್ರಿ. ಹೆಸರ ಹೇಳಿದಾಕಿ ಬೆನ್ನಿಗೆ ಗುದ್ದು ಬೀಳ್ತಾವ, ಅದಕ್ಕೂ ತಯಾರಾಗಿ ಬರ್ರಿ. ಯಾವ ಹೆಸರು ಅಂತ ನಾವು ಕೇಳಂಗಿಲ್ಲ."

ಬರುತ್ತೀರಲ್ಲ?

ಚೈತಾಲಿ


ಮುಂಬಯಿ
15 ಅಕ್ಟೋಬರ್ 2024

ಚೈತೂ,

ನಿನ್ನ ಅತ್ತೆಗೆ ಇದನ್ನು ಓದಿ ಹೇಳು.

ನನ್ನ ಕೆಲಸದಲ್ಲಿ ಕೂಸು ಕಾಣುವುದಿಲ್ಲ ಕೃಷ್ಣವ್ವಾರೇ. ಎಲ್ಲಿಂದಲೋ ಒಂದು ನಳಿಕೆ ಬರುತ್ತದೆ, ನೋಡುತ್ತೇನೆ, ಉತ್ತರ ಹೋಗುತ್ತದೆ. ಆ ಹೆಂಗಸಿಗೆ ಆಮೇಲೆ ಏನಾಯಿತು ಎಂದು ಯಾರೂ ತಿರುಗಿ ಬರೆಯುವುದಿಲ್ಲ, ಬರೆಯಬೇಕೆಂದೂ ಇಲ್ಲ. ನಾಮಕರಣಗಳಿಗೆ ಹೋಗಿದ್ದೇನೆ, ಹಿಂದಿನ ಸಾಲಿನಲ್ಲಿ ಕುಳಿತು ಊಟ ಮಾಡಿ ಬಂದಿದ್ದೇನೆ. ತೊಟ್ಟಿಲ ಹತ್ತಿರ ಬಾ ಎಂದು ನನ್ನನ್ನು ಯಾರೂ ಕರೆದಿರಲಿಲ್ಲ. ನೀವು ಕರೆದಿರಿ. ಓಣಿಯವರ ಎದುರಿಗೆ ನನ್ನ ಪರವಾಗಿ ಮಾತಾಡಿದಿರಿ. ಈ ಉಪಕಾರವನ್ನು ಎಲ್ಲಿಡಬೇಕೋ ನನಗೆ ತಿಳಿಯುತ್ತಿಲ್ಲ. ಗುದ್ದು ಎಷ್ಟಾದರೂ ಬೀಳಲಿ, ಬರುತ್ತೇನೆ.

ಇವತ್ತು ಆಫೀಸಿನಲ್ಲಿ ರಜೆಯ ಅರ್ಜಿ ಬರೆದೆ. ಕಾರಣ ಎಂಬಲ್ಲಿ ಇಷ್ಟು ವರ್ಷ ಜ್ವರ, ಊರಿನಲ್ಲಿ ಕೆಲಸ, ಅಕ್ಕನಿಗೆ ಹುಷಾರಿಲ್ಲ ಎಂದೆಲ್ಲ ಬರೆದಿದ್ದೇನೆ. ಈ ಸಲ "ನಮ್ಮ ಮನೆಯಲ್ಲಿ ಕೂಸು ಹುಟ್ಟಿದೆ" ಎಂದು ಬರೆದು ಸಹಿ ಮಾಡಿದೆ.

ನರ್ಮದಾ